ತರಗತಿಯ ಕೈಬರಹ: ಒಂದು ಸ್ಪಷ್ಟನೆ

"ಕೈಯಲ್ಲಿ ಬರೆದರೆ ಪ್ರಬಂಧ ಸುಧಾರಿಸುತ್ತದೆ ಎಂದು 2014ರ ಅಮೆರಿಕದ ಅಧ್ಯಯನ ಸಾಬೀತುಪಡಿಸಿದೆ" ಎಂಬ ಸಂದೇಶ ಧಾರವಾಡದ ಪಾಲಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಅದು ಸರಿಯಲ್ಲ. ಆ ಅಧ್ಯಯನ ನಡೆಸಿದ ಮುಲ್ಲರ್ ಮತ್ತು ಓಪನ್‌ಹೈಮರ್ ಪರೀಕ್ಷಿಸಿದ್ದು ಉಪನ್ಯಾಸ ಕೇಳುತ್ತಾ ಬರೆದುಕೊಳ್ಳುವ ಟಿಪ್ಪಣಿಯನ್ನು, ಪ್ರಬಂಧವನ್ನಲ್ಲ. 2019ರಲ್ಲಿ ಅದನ್ನೇ ಮತ್ತೆ ಮಾಡಿ ನೋಡಿದವರಿಗೆ ಕೈಬರಹದ ಮೇಲುಗೈ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ.

ಕನ್ನಡ ಕಲಿಸುವ ನಾನು ತರಗತಿಯಲ್ಲಿ ಬರೆಸುವುದನ್ನು ಖಂಡಿತ ಬಿಡುವುದಿಲ್ಲ. ಕಾರಣ ಬೇರೆ: ವಿದ್ಯಾರ್ಥಿ ಎಲ್ಲಿ ತಡವರಿಸಿದ, ಯಾವ ವಾಕ್ಯ ಹೊಡೆದುಹಾಕಿದ ಎಂಬುದು ಕಣ್ಣೆದುರೇ ಕಾಣುತ್ತದೆ, ಆಗಲೇ ಪಕ್ಕದಲ್ಲಿ ಕುಳಿತು ಮಾತನಾಡಬಹುದು. ಮನೆಯಿಂದ ಬರೆದು ತಂದದ್ದಾದರೆ ಅದನ್ನು ಚಾಟ್‌ಜಿಪಿಟಿಯಂಥ ಯಂತ್ರವೇ ಬರೆದಿರಬಹುದು. ಅಂಥದ್ದನ್ನು ಪತ್ತೆ ಹಚ್ಚುವ ಸಾಧನಗಳನ್ನು ನೆಚ್ಚಿಕೊಳ್ಳಲಾಗದು; ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿ ತನ್ನ ಪತ್ತೆ ಸಾಧನವನ್ನೇ ನಿಖರತೆ ಸಾಲದೆಂದು 2023ರಲ್ಲಿ ಹಿಂತೆಗೆದುಕೊಂಡಿತು. ಆದರೆ ಒಂದು ಪಿರಿಯಡ್ಡಿನಲ್ಲಿ ಬರೆದದ್ದು ಮೊದಲ ಕರಡು ಮಾತ್ರ. ತಿದ್ದಿ ಮರುಬರೆಯುವುದು ಮನೆಯಲ್ಲಿ, ಬೇಕಾದರೆ ಕಂಪ್ಯೂಟರಿನಲ್ಲೇ ನಡೆಯಲಿ. ಅಕ್ಷರ ದುಂಡಗಿಲ್ಲವೆಂದು ಅಂಕ ಕಳೆಯುವುದನ್ನಂತೂ ನಾನು ಒಪ್ಪುವುದಿಲ್ಲ.