ಬಚ್ಚಲೊಲೆಯ ಬುದ್ಧಿ ಬೂಟಿಗೆ ಆಗಿಬರಲಿಲ್ಲ

ಒದ್ದೆಯಾದದ್ದು ಏನೇ ಇರಲಿ, ಬಚ್ಚಲೊಲೆ ಹತ್ತಿರ ಇಡು. ತೀರ್ಥಹಳ್ಳಿ ಕಡೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆಷಾಢದಲ್ಲಿ ಹಂಡೆಯ ಮೇಲಿನ ಬಿದಿರಿನ ಗಳದಲ್ಲಿ ಒಣಗಿದ ಯೂನಿಫಾರಂ ಹಾಕಿಕೊಂಡೇ ಹತ್ತು ವರ್ಷ ಶಾಲೆಗೆ ಹೋದವನು ನಾನು. ಇಡೀ ಕ್ಲಾಸೇ ಹೊಗೆವಾಸನೆ ಹೊಡೆಯುತ್ತಿದ್ದುದರಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅದೇ ಬುದ್ಧಿಯನ್ನು ಮ್ಯಾಂಚೆಸ್ಟರಿಗೂ ಹೊತ್ತು ತಂದೆ. ಇಲ್ಲಿಂದ ಕಾರಿನಲ್ಲಿ ಎರಡೂವರೆ ಗಂಟೆ ಹೋದರೆ ಲೇಕ್ ಡಿಸ್ಟ್ರಿಕ್ಟಿನ ಸೀತ್‌ವೇಟ್ ಸಿಗುತ್ತದೆ. ಇಂಗ್ಲೆಂಡಿನಲ್ಲಿ ಜನ ವಾಸಿಸುವ ಊರುಗಳ ಪೈಕಿ ಅತಿ ಹೆಚ್ಚು ಮಳೆ ಅಲ್ಲೇ ಅಂತೆ, ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ. 7,000 ದಾಟುವ ಆಗುಂಬೆ ನೋಡಿ ಬೆಳೆದವನಿಗೆ ಇದ್ಯಾವ ಲೆಕ್ಕ ಅಂದುಕೊಂಡು, ಹೊಸ ಲೆದರ್ ಬೂಟು ಬಿಗಿದು, 978 ಮೀಟರ್ ಎತ್ತರದ ಸ್ಕಾಫೆಲ್ ಪೈಕ್ ಹತ್ತಿದೆ. ನಮ್ಮ ಮಳೆ ನೆಟ್ಟಗೆ ಬೀಳುತ್ತದೆ, ಕೊಡೆಗೆ ಸ್ವಲ್ಪ ಮರ್ಯಾದೆ ಕೊಡುತ್ತದೆ. ಅಲ್ಲಿಯದು ಅಡ್ಡಡ್ಡ ಬರುತ್ತದೆ, ಕಾಲಡಿ ಬೇರೆ ಜೌಗು. ಇಳಿಯುವಾಗ ಹೆಜ್ಜೆಗೊಂದು ಪಚಕ್. ಮನೆಗೆ ಬಂದವನೇ ಬೂಟುಗಳನ್ನು ಮನೆ ಬೆಚ್ಚಗಿಡುವ ರೇಡಿಯೇಟರ್ ಮೇಲಿಟ್ಟು ಮಲಗಿದೆ.

ಬೆಳಗ್ಗೆ ಎದ್ದರೆ ಹಲಸಿನ ಹಪ್ಪಳ. ಬೆರಳು ಮಡಚುವ ಜಾಗದಲ್ಲಿ ಅಡ್ಡಕ್ಕೆ ಬಿರುಕು ಬಿಟ್ಟಿತ್ತು. ಮುಂದಿನ ಅಟ್ಟೆ ಅಂಟು ಬಿಟ್ಟು ಬಾಯಿ ತೆರೆದಿತ್ತು. ಕಾಲು ಅರ್ಧಕ್ಕೇ ನಿಂತಿತು.

ತಪ್ಪು ಎಲ್ಲಿ ಅಂತ ಆಮೇಲೆ ತಿಳಿಯಿತು. ಚರ್ಮ ಅಂದರೆ ಎಳೆಗಳ ಬಲೆ. ಹದ ಮಾಡುವವನು ಆ ಎಳೆಗಳ ನಡುವೆ ಎಣ್ಣೆ ಊಡಿಸಿರುತ್ತಾನೆ, ಅದರಿಂದಲೇ ಅವು ಒಂದರ ಮೇಲೊಂದು ಜಾರುತ್ತ ಬಾಗುತ್ತವೆ. ನೀರು ನುಗ್ಗಿ, ಆಮೇಲೆ ಶಾಖಕ್ಕೆ ಗಡಿಬಿಡಿಯಲ್ಲಿ ಆರಿದರೆ, ಎಳೆಗಳು ಒಂದಕ್ಕೊಂದು ಅಂಟಿ ಸೆಟೆದುಕೊಳ್ಳುತ್ತವೆ. ಹೊರಮೈ ಕುಗ್ಗುವಾಗ ಒಳಗಿನ್ನೂ ಹಸಿ, ಅಲ್ಲೇ ಬಿರುಕು. ನಮ್ಮ ಬಯಲುಸೀಮೆಯಲ್ಲಿ ತಂಗಡಿ ತೊಗಟೆ ಹಾಕಿ ಹದ ಮಾಡುತ್ತಿದ್ದರಲ್ಲ, ಅಂಥ ತೊಗಟೆ ಹದದ ಚರ್ಮ ಒದ್ದೆಯಾಗಿದ್ದಾಗ 70ರಿಂದ 85 ಡಿಗ್ರಿಗೇ ಮುದುಡಿಹೋಗುತ್ತದೆ. ಈಗಿನ ಬೂಟುಗಳ ಕ್ರೋಮ್ ಹದದ, ಅಂದರೆ ಕ್ರೋಮಿಯಂ ಲವಣ ಹಾಕಿ ಹದ ಮಾಡಿದ, ಚರ್ಮ 100ರ ಹತ್ತಿರದವರೆಗೂ ತಾಳಿಕೊಳ್ಳುತ್ತದೆ, ಆದರೆ ಅಟ್ಟೆಯ ಅಂಟಿಗೆ ಅಷ್ಟು ತಾಳ್ಮೆ ಇಲ್ಲ.

ಎದುರುಮನೆಯ ಅಜ್ಜ, ಅರ್ಧ ಆಯುಷ್ಯ ಬೆಟ್ಟದಲ್ಲೇ ಕಳೆದವರು, ನನ್ನ ಬೂಟು ನೋಡಿ ಸತ್ತ ಪ್ರಾಣಿ ನೋಡಿದಂತೆ ಮುಖ ಮಾಡಿದರು. ಅವರ ಪದ್ಧತಿ ಸರಳ. ಕೆಸರು ತಣ್ಣೀರಲ್ಲಿ ತೊಳೆ. ಲಾಡಿ ಬಿಚ್ಚಿ, ನಾಲಿಗೆ ಹಿಂದಕ್ಕೆ ಎಳೆದು, ಒಳಗಿನ ಮೆತ್ತೆ ಹೊರತೆಗೆ. ನ್ಯೂಸ್‌ಪೇಪರನ್ನು ಸಡಿಲ ಉಂಡೆ ಮಾಡಿ ಬೆರಳ ತುದಿಯವರೆಗೂ ತುಂಬು. ಒಂದು ಗಂಟೆಯಲ್ಲಿ ಕಾಗದ ಭಾರವಾಗುತ್ತದೆ, ತೆಗೆದು ಹೊಸದು ತುಂಬು. ಆಮೇಲೆ ನಾಲ್ಕೈದು ತಾಸಿಗೊಮ್ಮೆ ಬದಲಿಸು. ನುಣುಪು ಕಾಗದದ ಮ್ಯಾಗಝೀನ್ ಬೇಡ, ಅದು ನೀರು ಕುಡಿಯುವುದಿಲ್ಲ.

ಇಲ್ಲಿ ನನ್ನ ಕೈ ತಡೆಯಿತು. ಪೇಪರಿಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಂಡು ಬೆಳೆದವರು ನಾವು, ಅಕ್ಷರ ಅಂದರೆ ಸರಸ್ವತಿ. ಅದನ್ನು ಬೂಟಿನೊಳಗೆ ತುರುಕುವುದಾ? ರಾಜಿಯಾದದ್ದು ಹೀಗೆ: ಟ್ರ್ಯಾಮ್ ಸ್ಟೇಷನ್ನಿನ ಪುಕ್ಕಟೆ ಇಂಗ್ಲಿಷ್ ಪೇಪರ್ ಬೂಟಿಗೆ. ಅಪ್ಪೆಮಿಡಿ ಬಾಟಲಿಗೆ ಅಮ್ಮ ಸುತ್ತಿಕೊಟ್ಟ ಕನ್ನಡ ಪೇಪರ್ ಡ್ರಾಯರಿನಲ್ಲಿ ಭದ್ರ. ಇದರಲ್ಲಿ ತರ್ಕ ಹುಡುಕಬೇಡಿ.

ಆದರೆ ಅಜ್ಜನ ಮಾತೆಲ್ಲ ವೇದವಾಕ್ಯವಲ್ಲ. "ತಣ್ಣನೆ ಕೋಣೆಯಲ್ಲಿಡು, ಮೂರು ದಿನ ಮರೆತುಬಿಡು" ಅಂದರು. ನವೆಂಬರಿನ ಇಲ್ಲಿನ ಮನೆಯೊಳಗೆ ಗೋಡೆಯೇ ಬೆವರುತ್ತಿರುತ್ತದೆ. ಎರಡನೇ ಜೋಡಿ ಮೂರನೇ ದಿನಕ್ಕೆ ಬಿಳಿ ಬೂಷ್ಟು ಹಿಡಿಯಿತು, ಶ್ರಾವಣದಲ್ಲಿ ಬೀರುವಿನೊಳಗಿನ ಬೆಲ್ಟಿನ ಹಾಗೆ. ಬಿಸಿನೀರಿನ ಟ್ಯಾಂಕ್ ಇರುವ ಕಪಾಟಿನಲ್ಲಿ ಇಡುವವರೂ ಇದ್ದಾರೆ. ಮುಚ್ಚಿದ ಬಾಗಿಲ ಹಿಂದೆ ತೇವ ಎಲ್ಲಿಗೆ ಹೋಗಬೇಕು?

ಬೇಕಾದದ್ದು ಶಾಖವಲ್ಲ, ಗಾಳಿ. ಇದು ನಮಗೆ ಗೊತ್ತಿರುವ ವಿದ್ಯೆ. ಅಡಿಕೆಗೆ ಬಿಸಿಲು ಸಿಗದ ದಿನ ಹಾಲ್‌ನಲ್ಲಿ ಹರವಿ ಫ್ಯಾನ್ ಹಾಕುವುದಿಲ್ಲವೇ? ಇಂಗ್ಲಿಷರ ಮನೆಗಳಲ್ಲಿ ಸಾಮಾನ್ಯವಾಗಿ ಸೀಲಿಂಗ್ ಫ್ಯಾನ್ ಇರುವುದಿಲ್ಲ. 2022ರ ಜುಲೈನಲ್ಲಿ ಈ ದೇಶ ಮೊದಲ ಸಲ 40 ಡಿಗ್ರಿ ದಾಟಿತಲ್ಲ, ಆಗ ಪರದಾಡಿ ಕೊಂಡ ಟೇಬಲ್ ಫ್ಯಾನ್ ಆಮೇಲೆ ಮೂಲೆ ಸೇರಿತ್ತು. ಈಗ ಅದರ ಮುಂದೆ, ಎರಡಡಿ ದೂರದಲ್ಲಿ, ಬೂಟು ಅಡ್ಡ ಮಲಗುತ್ತದೆ. ಅಟ್ಟೆಗೂ ಗಾಳಿ ತಾಗಲಿ ಅಂತ. ಒಳಗೆ ಅಜ್ಜನ ಪೇಪರ್, ಹೊರಗೆ ನಮ್ಮ ಫ್ಯಾನ್. ಒಂದೂವರೆ ದಿನ ಸಾಕು.

ಕೊನೆಗೆ ಎಣ್ಣೆಯ ಮಾತು. ನೀರು ಹೋಗುವಾಗ ಎಣ್ಣೆಯನ್ನೂ ಕರೆದೊಯ್ದಿರುತ್ತದೆ. ಕೊಬ್ಬರಿ ಎಣ್ಣೆ ಹಚ್ಚು ಅಂತ ಅಮ್ಮ ಫೋನಿನಲ್ಲಿ ಹೇಳಿದರು, ಅದು ಇಲ್ಲಿ ಬಾಟಲಿಯಲ್ಲೇ ಕಲ್ಲು. ಕಚ್ಚುವ ಹೊಸ ಚಪ್ಪಲಿಗೆ ಊರಲ್ಲಿ ಹಚ್ಚುತ್ತಿದ್ದ ಹರಳೆಣ್ಣೆ ಈ ಚಳಿಗೂ ಹೆಪ್ಪುಗಟ್ಟುವುದಿಲ್ಲ, ಆದರೆ ಧೂಳೆಲ್ಲ ಅಂಟುತ್ತದೆ. ಇಲ್ಲಿಯವರ ಡಬ್ಬಿನ್, ಅಂದರೆ ಮೇಣ, ಎಣ್ಣೆ, ಕೊಬ್ಬು ಬೆರೆಸಿದ್ದು, ಕಡಲೆಕಾಳಿನಷ್ಟು ತೆಗೆದುಕೊಂಡು ಬೆರಳಲ್ಲಿ ಉಜ್ಜುತ್ತೇನೆ. ಜಾಸ್ತಿಯಾದರೆ ಬೂಟು ಮೆತ್ತಗಾಗಿ ಕಾಲಿನ ಹರಡಿಗೆ ಆಸರೆ ಕೊಡುವುದಿಲ್ಲ.

ಕಳೆದ ಮಳೆಗಾಲ ಇದೇ ಬೂಟು ಹಾಕಿ ಊರಿಗೆ ಹೋಗಿದ್ದೆ. ತೋಟ ಸುತ್ತಿ ಬಂದು ಕಾಲು ತೊಳೆಯುವಷ್ಟರಲ್ಲಿ ಅಮ್ಮ ಬೂಟೆರಡನ್ನೂ ಒಲೆ ಮುಂದೆ ಸಾಲಾಗಿ ಇಟ್ಟಾಗಿತ್ತು. ಓಡಿಹೋಗಿ ಎತ್ತಿಕೊಂಡು, ಪೇಪರ್ ಕೇಳಿ, ಜಗಲಿಯಲ್ಲಿ ಫ್ಯಾನ್ ಹಾಕಿ ಕೂತೆ. ಅಪ್ಪ ನನ್ನ ಉಪಚಾರವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಮ್ಮ ಹವಾಯಿ ಚಪ್ಪಲಿಯನ್ನು ಮೆಟ್ಟಿಲಿಗೆ ಎರಡು ಸಲ ಬಡಿದು, ನೀರು ಕೊಡವಿ, ಮತ್ತೆ ಮೆಟ್ಟಿಕೊಂಡು ಕೊಟ್ಟಿಗೆ ಕಡೆ ಹೋದರು.