ಸಾಯಿಸುವುದು ಬೇರೆ, ನಿಲ್ಲಿಸುವುದು ಬೇರೆ

"ಇಂಟರ್‌ಫೆರಾನ್ ಕ್ಯಾನ್ಸರ್ ಕೋಶಗಳನ್ನು ಸಾಯಿಸುತ್ತದೆ" ಎಂದು ನಿಮ್ಮ ಬರಹದಲ್ಲಿ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಅದು ವೈರಸ್ಸಿನಂಥವು ದಾಳಿ ಮಾಡಿದಾಗ ನಮ್ಮ ಕೋಶಗಳೇ ಹೊರಬಿಡುವ ಪ್ರೋಟೀನ್; ಅದನ್ನೇ ಇಂಜೆಕ್ಷನ್ ಆಗಿಯೂ ಕೊಡುತ್ತಾರೆ. ಕೆಲವು ಕೋಶಗಳು ಸಾಯುವುದು ನಿಜ. ಆದರೆ ಎಷ್ಟೋ ಸಲ ಅದು ಮಾಡುವುದು ಕೋಶದ ವಿಭಜನೆಯನ್ನು ತಡೆಯುವ ಕೆಲಸ ಅಷ್ಟೆ.

ಹಾಸನದಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಸಕಲೇಶಪುರದಲ್ಲೇ ಲಾರಿಗಳನ್ನು ನಿಲ್ಲಿಸುತ್ತಾರಲ್ಲ, ಹಾಗೆ ಅಂತ ಹೇಳುತ್ತೇನೆ. ಲಾರಿ ಕೆಟ್ಟಿಲ್ಲ, ಮುಂದೆ ಬಿಟ್ಟಿಲ್ಲ ಅಷ್ಟೆ. ಕೋಶದಲ್ಲಿ ಆ ಗೇಟು ಇರುವುದು ವಿಭಜನೆಗೆ ಮುನ್ನ ಕೋಶ ಬೆಳೆಯುವ ಜಿ1 ಹಂತದ ಕೊನೆಗೆ, ಡಿಎನ್‌ಎ ನಕಲು ಶುರುವಾಗುವ ಮೊದಲು. ಇಂಟರ್‌ಫೆರಾನ್ ಕೋಶದ ಹೊರಗಿನ ಗ್ರಾಹಕಕ್ಕೆ (ಸುದ್ದಿ ಹಿಡಿಯುವ ಪ್ರೋಟೀನಿಗೆ) ಅಂಟಿಕೊಂಡರೆ ಜಾಕ್-ಸ್ಟ್ಯಾಟ್ ಎಂಬ ಪ್ರೋಟೀನುಗಳ ದಾರಿಯಲ್ಲಿ ಸುದ್ದಿ ಒಳಗೆ ಹೋಗುತ್ತದೆ. ಹಲವು ಬಗೆಯ ಕೋಶಗಳಲ್ಲಿ ಆಗ ಪಿ21 ಎಂಬ ಪ್ರೋಟೀನ್ ಜಾಸ್ತಿಯಾಗಿ ಕೋಶವನ್ನು ವಿಭಜನೆಯತ್ತ ತಳ್ಳುವ ಸಿಡಿಕೆ2 ಕಿಣ್ವದ ಕೈ ಕಟ್ಟುತ್ತದೆ. ಹಾಗಾಗಿ ಗೇಟು ಕಾಯುವ ಆರ್‌ಬಿ ಪ್ರೋಟೀನ್ ತಾನು ಹಿಡಿದಿಟ್ಟ ಇ2ಎಫ್ ಅನ್ನು, ಅಂದರೆ ನಕಲಿಗೆ ಬೇಕಾದ ಜೀನುಗಳನ್ನು ಚಾಲೂ ಮಾಡುವ ಪ್ರೋಟೀನನ್ನು, ಬಿಡುವುದಿಲ್ಲ. ವಿಭಜನೆ ಅಲ್ಲೇ ನಿಂತಿತು. ಆದರೆ ಆರ್‌ಬಿಯೇ ಕೆಟ್ಟಿರುವ ಗಡ್ಡೆಯಲ್ಲಿ ಈ ಗೇಟನ್ನು ನಂಬುವುದು ಕಷ್ಟ. ಎಲ್ಲ ಕ್ಯಾನ್ಸರಿಗೂ ಒಂದೇ ಮಾತು ಹೇಳಲಾಗದು ಅನ್ನುವುದು ಇದಕ್ಕೇ.

ಇನ್ನು "ದೇಹದ್ದೇ ವಸ್ತು, ಅಡ್ಡಪರಿಣಾಮ ಇಲ್ಲ" ಅಂದಿರಲ್ಲ! ನಮ್ಮ ದೊಡ್ಡಪ್ಪ 1990ರ ದಶಕದ ಕೊನೆಗೆ ಸಿಎಂಎಲ್ ಎಂಬ ರಕ್ತದ ಕ್ಯಾನ್ಸರಿಗೆ ಇದೇ ಇಂಜೆಕ್ಷನ್ ತಗೊಂಡವರು. ಸೂಜಿ ಚುಚ್ಚಿದ ರಾತ್ರಿ ಎರಡು ಕಂಬಳಿ ಹೊದ್ದರೂ ನಡುಕ ಬಿಡುತ್ತಿರಲಿಲ್ಲ. ಬರಬರುತ್ತಾ ಮಾತೇ ಕಡಿಮೆಯಾಯಿತು. ಜ್ವರ, ಸುಸ್ತು, ಮಂಕು ಇವೆಲ್ಲ ಈ ಔಷಧಿಯ ಗೊತ್ತಿರುವ ತೊಂದರೆಗಳೇ. 2001ರಲ್ಲಿ ಇಮ್ಯಾಟಿನಿಬ್ ಮಾತ್ರೆ ಬಂದ ಮೇಲೆ ಆ ಕಾಯಿಲೆಗೆ ಇಂಟರ್‌ಫೆರಾನ್ ಹಿಂದೆ ಸರಿಯಿತು. ಅಡ್ಡಪರಿಣಾಮ ಇಲ್ಲ ಎಂಬ ಆ ಸಾಲನ್ನಾದರೂ ತಿದ್ದಿ.