ವೆಜ್ ಹೋಟೆಲ್ ಇಡ್ಬೇಕಾ? ಮೊದ್ಲು ಬಿರಿಯಾನಿ ಮೇಲೆ ಆಣೆ ಮಾಡಿ

ನಮ್ಮ ಪರಿಚಯದ ಹಿರಿಯರೊಬ್ರಿಗೆ ರಿಟೈರ್ ಆದ್ಮೇಲೆ ಪಾರ್ಟಿ ಕಟ್ಟೋ ಹುಚ್ಚು ಹತ್ಕೊಂಡಿದೆ. ಪಾಪ, ಮುಕ್ತ ಮಾರುಕಟ್ಟೆಯ ಗುರು ಆಡಂ ಸ್ಮಿತ್ ಓದಿ ಹಾಳಾದವ್ರು. ಸರ್ಕಾರ ಪೊಲೀಸು ಕೋರ್ಟು ರಸ್ತೆ ನೆಟ್ಟಗೆ ನೋಡ್ಕೊಂಡ್ರೆ ಸಾಕು, ಮಿಕ್ಕಿದ್ದನ್ನ ಜನ ಅವರವರ ದುಡ್ಡಲ್ಲಿ ಅವರವರೇ ನೋಡ್ಕೋತಾರೆ ಅನ್ನೋ ಕ್ಲಾಸಿಕಲ್ ಲಿಬರಲ್ ಜಾತಿ. (ವಾಟ್ಸಾಪಲ್ಲಿ ಬೈಗುಳದ ಥರ ಬಳಸ್ತಾರಲ್ಲ ಆ ಲಿಬರಲ್ ಬೇರೆ, ಇವ್ರು ಬೇರೆ, ಕನ್ಫ್ಯೂಸ್ ಮಾಡ್ಕೋಬೇಡಿ.)

ಎಲ್ಲಾ ರೆಡಿ ಮಾಡ್ಕೊಂಡ್ರು. ಚುನಾವಣಾ ಆಯೋಗಕ್ಕೆ 10,000 ರೂಪಾಯಿ ಡಿಡಿ, 100 ಜನ ಮತದಾರರ ಅಫಿಡವಿಟ್ಟು, ಪಾರ್ಟಿ ಹುಟ್ಟಿದ 30 ದಿನದೊಳಗೆ ಅರ್ಜಿ. ಈ ಊರಲ್ಲಿ ಸಬ್ಸಿಡಿ ಬೇಡ ಅನ್ನೋ 100 ಜನ ಎಲ್ಲಿ ಸಿಗ್ಬೇಕು, ಅರ್ಧಕ್ಕರ್ಧ ಬೀಗರ ಕಡೆಯವ್ರನ್ನೇ ಹಿಡ್ಕೊಂಡು ಬಂದ್ರು ಬಿಡಿ. ಆಮೇಲೆ ಎದುರಾಯ್ತು ನೋಡಿ 29ಎ. ಪ್ರಜಾಪ್ರತಿನಿಧಿ ಕಾಯ್ದೆಗೆ ಸೇರಿಸಿ 1989ರಲ್ಲಿ ಜಾರಿಗೆ ತಂದ ಸೆಕ್ಷನ್ನು. ಪಾರ್ಟಿ ನಿಯಮಾವಳೀಲಿ ಸಮಾಜವಾದ, ಜಾತ್ಯತೀತತೆ, ಪ್ರಜಾಪ್ರಭುತ್ವ ಈ ಮೂರಕ್ಕೂ ನಿಷ್ಠೆಯಿಂದ ಇರ್ತೀವಿ ಅಂತ ಬರ್ಕೊಡ್ಲೇಬೇಕು, ಇಲ್ಲಾಂದ್ರೆ ರಿಜಿಸ್ಟ್ರೇಷನ್ ಇಲ್ಲ. ಕೊನೇ ಎರಡಕ್ಕೆ ಅವ್ರದ್ದೇನೂ ತಕರಾರಿಲ್ಲ. "ಸಮಾಜವಾದ ಬೇಡ ಅನ್ನೋಕೇ ಅಲ್ವೇನಯ್ಯಾ ನಾನು ಪಾರ್ಟಿ ಕಟ್ತಿರೋದು" ಅಂತ ತಲೆ ಮೇಲೆ ಕೈ ಹೊತ್ಕೊಂಡು ಕೂತ್ರು.

ಅಂದ್ರೆ ನೀವು ಶುದ್ಧ ಶಾಕಾಹಾರಿ ಹೋಟೆಲ್ ಇಡ್ಬಹುದು, ಯಾರೂ ಬೇಡ ಅನ್ನಲ್ಲ, ಆದ್ರೆ ಲೈಸೆನ್ಸ್ ಬೇಕಾದ್ರೆ ಮಟನ್ ಬಿರಿಯಾನೀಗೆ ನಾನು ಸದಾ ನಿಷ್ಠ ಅಂತ ಬರ್ಕೊಡ್ಬೇಕು.

ರಾಜಾಜಿ 1959ರಲ್ಲಿ, 80ರ ವಯಸ್ಸಲ್ಲಿ, ಇದು ಏನ್ ಉದ್ಯಮ ಮಾಡ್ಬೇಕಂದ್ರೂ ಸರ್ಕಾರದ ಅಪ್ಪಣೆ ಬೇಕಾಗೋ ಲೈಸೆನ್ಸ್-ಪರ್ಮಿಟ್ ರಾಜ್ ಅಂತ ನೆಹರೂ ಸರ್ಕಾರಾನ ಬೈದು ಸ್ವತಂತ್ರ ಪಾರ್ಟಿ ಕಟ್ಟಿದ್ರು. ನಕ್ಷತ್ರದ ಗುರುತು, 1967ರಲ್ಲಿ ಲೋಕಸಭೇಲಿ 44 ಸೀಟು. ಅದೇ ಮುದುಕ ಇವತ್ತು ಬಂದ್ರೆ ಗುಮಾಸ್ತ "ಸಾರ್, ಸಮಾಜವಾದದ ಪ್ಯಾರಾ ಬಿಟ್ಹೋಗಿದೆ" ಅಂತ ಫೈಲ್ ವಾಪಸ್ ಕೊಟ್ಟಿರ್ತಿದ್ದ. ಇನ್ನು ಸಂವಿಧಾನದ ಕಥೆ ಕೇಳಿ. 1948ರಲ್ಲಿ ಸಂವಿಧಾನ ಸಭೆಯ ಸದಸ್ಯ ಕೆ.ಟಿ. ಶಾ ಅವ್ರು ಸಮಾಜವಾದ ಅನ್ನೋ ಪದ ಸೇರ್ಸಿ ಅಂದಾಗ ಅಂಬೇಡ್ಕರ್ ಒಪ್ಲಿಲ್ಲ, ಸಮಾಜ ಹೇಗಿರ್ಬೇಕು ಅಂತ ಆಯಾ ಕಾಲದ ಜನ ತೀರ್ಮಾನ ಮಾಡ್ಲಿ, ನಾವ್ಯಾಕೆ ಈಗ್ಲೇ ಕಟ್ಟಿಹಾಕೋದು ಅನ್ನೋದು ಅವ್ರ ವಾದ. ಆಯಾ ಕಾಲ ಬಂತು, ಅದು ಎಮರ್ಜೆನ್ಸಿ. ವಿರೋಧ ಪಕ್ಷದ ಎಷ್ಟೋ ದೊಡ್ಡ ತಲೆಗಳು ಜೈಲಲ್ಲಿದ್ದಾಗ 1976ರಲ್ಲಿ 42ನೇ ತಿದ್ದುಪಡಿ ಮಾಡಿ ಪೀಠಿಕೆಗೆ ಪದ ಸೇರ್ಸಿದ್ರು.

ಇದರಲ್ಲಿ ನನಗೆ ಭಾಳ ಇಷ್ಟ ಆಗಿದ್ದು ಅಂದ್ರೆ ಆಣೆ ಮಾಡಿದವ್ರು ಮಾಡಿದ್ದು. 1991ರಲ್ಲಿ ಲೈಸೆನ್ಸ್ ರಾಜ್ ಬೆನ್ನು ಮುರಿದಿದ್ದು ಕಾಂಗ್ರೆಸ್ಸು, ಏರ್ ಇಂಡಿಯಾನ ಟಾಟಾದವ್ರಿಗೆ ಮಾರಿದ್ದು ಬಿಜೆಪಿ. ಬಿಜೆಪಿಯ ಪಕ್ಷದ ಸಂವಿಧಾನ ತೆಗೆದು ನೋಡಿ, ಸಮಾಜವಾದಕ್ಕೆ ನಿಷ್ಠೆ ಅಂತ ಅಚ್ಚಾಗಿ ಕೂತಿದೆ. ನಮ್ಮ ಕಡೆ ರಾಜಕಾರಣಿಗಳು ಮಾತೆತ್ತಿದ್ರೆ ಧರ್ಮಸ್ಥಳಕ್ಕೆ ಬಾ ಆಣೆ ಮಾಡೋಣ ಅಂತಾರಲ್ಲ, ಅಲ್ಲಾದ್ರೂ ಮಂಜುನಾಥನ ಭಯ ಇರತ್ತೆ, 29ಎಗೆ ಯಾವ ದೇವರ ಭಯ?

ಕೋರ್ಟಿಗೆ ಹೋಗ್ಬೇಕಿತ್ತು ಅಂತೀರಾ? ಬೇರೆಯವ್ರು ಆಗ್ಲೇ ಹೋಗಿದ್ರು. 2010ರಲ್ಲಿ ಸುಪ್ರೀಂ ಕೋರ್ಟು, ಎಲ್ಲಾ ಪಾರ್ಟಿಗಳೂ ಒಪ್ಕೊಂಡಿವೆ, ಒಂದು ಪಾರ್ಟೀನೂ ಬಂದು ಪ್ರಶ್ನೆ ಮಾಡಿಲ್ಲ ಅನ್ನೋ ಧಾಟೀಲಿ ಹೇಳ್ತು. ಹೌದು ಸ್ವಾಮಿ, ಒಪ್ಪದೇ ಇರೋರನ್ನ ಪಾರ್ಟಿ ಆಗೋಕೇ ಬಿಟ್ಟಿಲ್ವಲ್ಲ! ಆಮೇಲೆ 2024ರ ನವೆಂಬರಲ್ಲಿ ಪೀಠಿಕೆ ಪದದ ಕೇಸೂ ವಜಾ ಆಯ್ತು, ಸಮಾಜವಾದ ಅಂದ್ರೆ ನಮ್ಮಲ್ಲಿ ಕಲ್ಯಾಣ ರಾಜ್ಯ, ಖಾಸಗಿ ಉದ್ಯಮಕ್ಕೇನೂ ಅಡ್ಡಿ ಇಲ್ಲ ಅಂದ್ರು. ಅಂದ್ರೆ ಬಿರಿಯಾನೀಲಿ ಮಟನ್ ಇರ್ಲೇಬೇಕು ಅಂತೇನಿಲ್ಲ, ಚಿತ್ರಾನ್ನಾನೂ ಬಿರಿಯಾನೀನೇ.

ಕೊನೆಗೆ ನಮ್ಮ ಹಿರಿಯರು ಕೋರ್ಟ್ ಮುಂದೆ ಮರದ ಕೆಳಗೆ ಕೂತ ಟೈಪಿಸ್ಟ್ ಹತ್ರ ಹೋದ್ರು. "ನಂಬಿಕೇನೇ ಇಲ್ದೆ ಸೈನ್ ಹಾಕಿದ್ರೆ ಸುಳ್ಳು ಅಫಿಡವಿಟ್ ಆಗಲ್ವೇನಪ್ಪಾ?" ಅಂತ ಕೇಳಿದ್ರು. ಆ ಹುಡುಗ ತಲೆ ಎತ್ತದೇ ಅಂದ, "ಆ ಪ್ಯಾರಾ ಸಿಸ್ಟಮಲ್ಲಿ ಸೇವ್ ಆಗಿದೆ ಸಾರ್, ಎಲ್ರಿಗೂ ಅದೇ ಹಾಕೋದು. ಪಾರ್ಟಿ ಹೆಸರು ಮಾತ್ರ ಹೇಳಿ."